ಪದೇ ಪದೇ ಹೆಬ್ಬೆರಳಿನ ತಕರಾರು ತರುವ ಗ್ರಾಹಕಿ: ಏನು ಮಾಡಬೇಕು?

ಪ್ರಶ್ನೆ: ನಾನು ಮೂರು ವರ್ಷದಿಂದ ನೇಲ್ ಟೆಕ್ನಿಷಿಯನ್, ಉಗುರಿಗೆ ಜೆಲ್ ಬಣ್ಣ ಹಚ್ಚಿ ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಮಾಡುವ ಕೆಲಸ. ಈಚೆಗಷ್ಟೇ ಸ್ವಂತವಾಗಿ ಕೆಲಸ ಶುರುಮಾಡಿದ್ದೇನೆ. ಬಹಳ ಮಂದಿ ಖುಷಿಯಿಂದಲೇ ಎದ್ದು ಹೋಗುತ್ತಾರೆ. ಆದರೆ ಕಾಯಂ ಬರುವ ಒಬ್ಬರಿದ್ದಾರೆ. ಪ್ರತಿ ಸಲ ಇಪ್ಪತ್ತು ನಿಮಿಷ ತಡ. ತೋರಿಸುವುದು ಒಂದು ಫೋಟೋ, ಮುಗಿಯುವ ಹೊತ್ತಿಗೆ ಅವರಿಗೆ ಬೇಕಾಗಿರುವುದು ಇನ್ನೊಂದು. ಹತ್ತು ದಿನ ಕಳೆಯುವುದರೊಳಗೆ ‘ಹೆಬ್ಬೆರಳಿನ ಜೆಲ್ ಉಗುರು ಬಿಟ್ಟು ಎದ್ದಿದೆ, ದುಡ್ಡು ವಾಪಸ್ ಕೊಡಿ’ ಎಂದು ಮೆಸೇಜ್. ಕೊಡದಿದ್ದರೆ ಕೆಟ್ಟ ರಿವ್ಯೂ ಹಾಕುತ್ತೇನೆ ಅನ್ನುತ್ತಾರೆ. ಎರಡು ಸಲ ಸುಮ್ಮನೆ ಕೊಟ್ಟುಬಿಟ್ಟೆ. ಈಗ ಬುಕಿಂಗ್‌ನಲ್ಲಿ ಅವರ ಹೆಸರು ಕಂಡರೆ ಸಾಕು, ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಕೆಲಸಕ್ಕೆ ಕೂತಾಗ ಕೈ ನಡುಗುತ್ತದೆ. ಇಂಥವರನ್ನು ಹೇಗೆ ಸಂಭಾಳಿಸುವುದು? ಇನ್ನು ಬರಬೇಡಿ ಎಂದುಬಿಡಲೇ?

ಉತ್ತರ: ಬರಬೇಡಿ ಎನ್ನುವ ಮಾತು ಆಮೇಲಿರಲಿ. ಮೊದಲು ಇದನ್ನು ಹೇಳಿ: ಎದ್ದಿದೆ ಎನ್ನುವ ಆ ಹೆಬ್ಬೆರಳನ್ನು ನೀವು ಒಮ್ಮೆಯಾದರೂ ಕಣ್ಣಾರೆ ನೋಡಿದ್ದೀರಾ? ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೆಸೇಜ್ ಬಂತು, ಬೆದರಿಕೆ ಬಂತು, ದುಡ್ಡು ಕೊಟ್ಟೆ ಎಂದಿದೆ. ಉಗುರು ನೋಡಿದೆ ಎಂದು ಎಲ್ಲೂ ಇಲ್ಲ. ನನಗೆ ಅನ್ನಿಸುವ ಮಟ್ಟಿಗೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ.

ನಮ್ಮ ಕೆಲಸದ ಕಷ್ಟ ಬೇರೆ ಅಂಗಡಿಯವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಸಿಡಿಮಿಡಿಗೊಂಡ ಗ್ರಾಹಕರಿಂದ ಅವರು ಎರಡು ಹೆಜ್ಜೆ ಹಿಂದೆ ಸರಿಯಬಹುದು, ಒಳಗೆ ಹೋಗಿ ಏನಾದರೂ ತರುವ ನೆಪ ಮಾಡಬಹುದು. ನಾವು ಒಂದು ಒಂದೂವರೆ ಗಂಟೆ ಅದೇ ಮನುಷ್ಯರ ಕೈ ಹಿಡಿದುಕೊಂಡು, ಮೊಳದಷ್ಟು ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಅವರ ಕೈ ಬಿಗಿಯಾದರೆ ನಮ್ಮ ಬೆರಳಿಗೆ ಗೊತ್ತಾಗುತ್ತದೆ, ನಮ್ಮ ಕೈ ನಡುಗಿದರೆ ಅವರಿಗೂ ಗೊತ್ತಾಗುತ್ತದೆ. ಆ ನಡುಗುವ ಕೈಯಲ್ಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ, ಉಗುರು ಉಜ್ಜುವ ಯಂತ್ರ ಇ-ಫೈಲ್ ಇರುತ್ತದೆ, ಅದರಡಿ ಚರ್ಮಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಉಗುರಿನ ಬುಡ. ಹಾಗಾಗಿ ನಿಮ್ಮ ಭಯವನ್ನು ಬರೀ ಮನಸ್ಸಿನ ವಿಷಯ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅದು ಇಬ್ಬರ ಸುರಕ್ಷತೆಯ ಪ್ರಶ್ನೆ. ಕೈ ನಡುಗುತ್ತಿರುವಾಗ ಇ-ಫೈಲ್ ಕೆಳಗಿಡಿ, ಕೈ ಫೈಲ್ ತೆಗೆದುಕೊಳ್ಳಿ. ಹತ್ತು ನಿಮಿಷ ಹೆಚ್ಚಾಗುತ್ತದೆ, ಆಗಲಿ.

ನೀವು ಎರಡು ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿದ್ದೀರಿ. ಒಂದು, ಆಕೆಯ ನಡತೆ: ತಡ, ಬೆದರಿಕೆ, ಮಾತು ಬದಲಿಸುವುದು. ಇನ್ನೊಂದು, ಆಕೆಯ ದೂರು: ಹೆಬ್ಬೆರಳಿನ ಜೆಲ್ ಎದ್ದಿದೆ. ನಡತೆ ಕೆಟ್ಟದಾಗಿದ್ದ ಮಾತ್ರಕ್ಕೆ ದೂರು ಸುಳ್ಳಾಗಬೇಕಿಲ್ಲ. ನಯವಾಗಿ ಮಾತಾಡುವವರ ದೂರೆಲ್ಲ ನಿಜ ಎಂದೂ ಇಲ್ಲ. ಈ ಎರಡನ್ನು ಬಿಡಿಸಿ ಇಟ್ಟುಕೊಂಡರೆ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ. ದೂರಿಗೆ ಉತ್ತರ ಉಗುರಿನಲ್ಲಿದೆ, ಅದನ್ನು ಮೊದಲು ನೋಡೋಣ.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಹತ್ತು ದಿನಕ್ಕೆ 1 ಮಿಲಿಮೀಟರ್. ಉಗುರಿನ ಬುಡದಲ್ಲಿ ಚರ್ಮಕ್ಕೂ ಜೆಲ್‌ಗೂ ನಡುವೆ ಬಿದ್ದಿರುವ ಖಾಲಿ ಜಾಗವನ್ನು ನೋಡಿದರೆ ಕೆಲಸ ಎಷ್ಟು ಹಳೆಯದು ಎಂದು ತಿಳಿದುಬಿಡುತ್ತದೆ. ‘ಮಾಡಿಸಿ ಇನ್ನೂ ಒಂದು ವಾರ ಆಗಿಲ್ಲ’ ಎನ್ನುವವರ ಬುಡದಲ್ಲಿ 2 ಮಿಲಿಮೀಟರ್ ಜಾಗ ಕಂಡರೆ ಆ ಕೆಲಸಕ್ಕೆ ಮೂರು ವಾರದ ಹತ್ತಿರ ಆಗಿದೆ. ಇದನ್ನು ಹಿಡಿದು ವಾದಕ್ಕೆ ಇಳಿಯಬೇಡಿ. ‘ಇಷ್ಟು ಬೆಳೆದಿದೆ ನೋಡಿ, ಖಾಲಿ ಜಾಗಕ್ಕೆ ಮತ್ತೆ ಜೆಲ್ ತುಂಬುವ ರೀಫಿಲ್ ಹೊತ್ತು ಬಂದಿದೆ’ ಎಂದರೆ ಅವರಿಗೂ ಗೊತ್ತಾಗುತ್ತದೆ, ಮುಖಭಂಗವೂ ಆಗುವುದಿಲ್ಲ.

ಆಮೇಲೆ, ಎಲ್ಲಿ ಎದ್ದಿದೆ? ಹತ್ತೂ ಉಗುರಿನಲ್ಲಿ ಬುಡದ ಕಡೆಯಿಂದಲೇ ಎದ್ದಿದ್ದರೆ ತಪ್ಪು ನಮ್ಮದು ಎಂದೇ ತಿಳಿದುಕೊಳ್ಳಿ. ಉಗುರಿನ ಮೇಲೆ ಅಂಟಿಕೊಂಡಿರುವ, ಕಣ್ಣಿಗೆ ಬೇಗ ಕಾಣದ ಕ್ಯುಟಿಕಲ್‌ನ ತೆಳುಪೊರೆ ಹಾಗೇ ಉಳಿದಿರುತ್ತದೆ, ಇಲ್ಲವೇ ಜೆಲ್ ಚರ್ಮಕ್ಕೆ ತಗುಲಿರುತ್ತದೆ. ಪಕ್ಕದ ಸಂದಿನಿಂದ ಎದ್ದಿದ್ದರೂ ಹಾಗೆಯೇ, ಜೆಲ್ ಹರಿದು ಚರ್ಮಕ್ಕೆ ಮುಟ್ಟಿದೆ. ಜೆಲ್ ಇಡೀ ಚಿಪ್ಪಿನ ಹಾಗೆ ಕಳಚಿ ಬಂದು, ಕೆಳಗಿನ ಉಗುರು ಹೊಳೆಯುತ್ತಿದ್ದರೆ ಉಗುರಿನ ಎಣ್ಣೆಯಂಶ ಸರಿಯಾಗಿ ಹೋಗಿಲ್ಲ ಅಥವಾ ಹೊಳಪು ತೆಗೆದಿಲ್ಲ. ತುದಿಯಲ್ಲಿ ಮಾತ್ರ ಚಕ್ಕೆ ಎದ್ದಿದ್ದರೆ ಎರಡು ಸಾಧ್ಯತೆ: ಕೊನೆಯ ಪದರವಾದ ಟಾಪ್ ಕೋಟ್‌ನಲ್ಲಿ ತುದಿಯನ್ನು ಮುಚ್ಚದೆ ಬಿಟ್ಟಿದ್ದೀರಿ, ಇಲ್ಲವೇ ಅವರು ಉಗುರನ್ನು ಡಬ್ಬಿಯ ಮುಚ್ಚಳ ಎಬ್ಬಿಸಲು, ಸ್ಟಿಕ್ಕರ್ ಕೆರೆಯಲು ಬಳಸುತ್ತಿದ್ದಾರೆ. ಉದ್ದಕ್ಕೆಂದು ಜೋಡಿಸಿದ ಎಕ್ಸ್‌ಟೆನ್ಶನ್ ನಡುವೆ ಮುರಿದಿದ್ದರೆ ಅಪೆಕ್ಸ್ ನೋಡಿ, ಅಂದರೆ ಉಗುರಿನ ಬೆನ್ನಿನ ಆ ಉಬ್ಬು ಸರಿಯಾದ ಜಾಗದಲ್ಲಿದೆಯೇ ಎಂದು. ಉಗುರಿನ ಮೇಲೆ ಬಿಳಿಯ, ಒರಟಾದ, ಪದರ ಕಿತ್ತಂಥ ಕಲೆ ಇದ್ದರೆ ಜೆಲ್ಲನ್ನು ಯಾರೋ ಕೈಯಿಂದ ಕಿತ್ತಿದ್ದಾರೆ. ಜೆಲ್ ತಾನಾಗಿ ಬಿದ್ದಾಗ ಅಂಥ ಕಲೆ ಸಾಮಾನ್ಯವಾಗಿ ಉಳಿಯುವುದಿಲ್ಲ.

ಈಗ ನಿಮ್ಮ ಗ್ರಾಹಕಿಯ ಹೆಬ್ಬೆರಳು. ಪ್ರತಿ ಸಲ ಹೆಬ್ಬೆರಳೇ ಎಂದು ನೀವೇ ಬರೆದಿದ್ದೀರಿ. ಈ ಒಂದು ವಿವರ ನನಗೆ ಬಹಳ ಮುಖ್ಯವಾಗಿ ಕಂಡಿತು. ಲ್ಯಾಂಪಿನೊಳಗೆ ಐದು ಬೆರಳೂ ಒಟ್ಟಿಗೆ ಇಟ್ಟಾಗ ನಾಲ್ಕು ಬೆರಳು ನೇರವಾಗಿ ಕೂರುತ್ತವೆ, ಹೆಬ್ಬೆರಳು ಮಾತ್ರ ಓರೆಯಾಗಿ ಮಲಗುತ್ತದೆ. ಮೇಲಿನ ಬೆಳಕು ಅದರ ಮೇಲೆ ನೆಟ್ಟಗೆ ಬೀಳುವುದಿಲ್ಲ. ಒಂದು ಪಕ್ಕ ಗಟ್ಟಿಯಾಗುತ್ತದೆ, ಇನ್ನೊಂದು ಪಕ್ಕ ಒಳಗೊಳಗೇ ಹಸಿಯಾಗಿ ಉಳಿಯುತ್ತದೆ. ಮೇಲಿಂದ ನೋಡಿದರೆ ಹೊಳಪು ಚೆನ್ನಾಗಿಯೇ ಇರುತ್ತದೆ. ವಾರ ಕಳೆದ ಮೇಲೆ ಏಳಲು ಶುರು.

ಪರೀಕ್ಷೆ ಮಾಡುವುದು ಕಷ್ಟವಿಲ್ಲ. ಎರಡೂ ಕೈಯ ಹೆಬ್ಬೆರಳು ಒಂದೇ ರೀತಿ ಎದ್ದಿದ್ದರೆ ಲ್ಯಾಂಪಿನ ಮೇಲೆ ಅನುಮಾನ ಪಡಿ. ಹೆಚ್ಚು ಕೆಲಸ ಮಾಡುವ ಕೈಯ ಹೆಬ್ಬೆರಳು ಮಾತ್ರ ಎದ್ದಿದ್ದರೆ ಬಳಕೆಯಿಂದ ಆಗಿರುವ ಸಾಧ್ಯತೆ ಹೆಚ್ಚು. ಹಳೆಯ ಜೆಲ್ ಫೈಲ್ ಮಾಡುವಾಗ ಗಮನವಿಟ್ಟು ನೋಡಿ. ಸರಿಯಾಗಿ ಗಟ್ಟಿಯಾದ ಜೆಲ್ ನುಣ್ಣನೆಯ ಪುಡಿಯಾಗಿ ಉದುರುತ್ತದೆ, ಹಸಿ ಉಳಿದದ್ದು ರಬ್ಬರಿನ ಹಾಗೆ ಮುದ್ದೆಯಾಗಿ ಫೈಲಿಗೆ ಮೆತ್ತಿಕೊಳ್ಳುತ್ತದೆ. ಮುದ್ದೆ ಕಂಡರೆ ಆಕೆ ಹೇಳಿದ್ದು ನಿಜ. ಇನ್ನು ಮುಂದೆ ನಾಲ್ಕು ಬೆರಳು ಮೊದಲು, ಎರಡು ಹೆಬ್ಬೆರಳು ಆಮೇಲೆ ಬೇರೆಯಾಗಿ, ಉಗುರು ಮೇಲ್ಮುಖವಾಗಿ ಇರುವ ಹಾಗೆ ಇಡಿಸಿ. ಜೆಲ್ ಯಾವ ಕಂಪನಿಯದೋ ಅದೇ ಕಂಪನಿ ಹೇಳಿದ ಲ್ಯಾಂಪ್, ಹೇಳಿದಷ್ಟು ಸಮಯ. ಕಪ್ಪು, ಕಡುಗೆಂಪು, ಅಚ್ಚ ಬಿಳಿ ಬಣ್ಣಗಳನ್ನು ಇನ್ನೂ ತೆಳುವಾಗಿ ಹಚ್ಚಿ, ದಪ್ಪಗಿದ್ದರೆ ಬೆಳಕು ತಳದವರೆಗೆ ಇಳಿಯುವುದಿಲ್ಲ.

ಲ್ಯಾಂಪಿನಿಂದ ಕೈ ಎಳೆದುಕೊಳ್ಳುವವರನ್ನು ಕೂಡ ನಾವು ‘ಹಟಮಾರಿ’ ಪಟ್ಟಿಗೆ ಸೇರಿಸಿಬಿಡುತ್ತೇವೆ. ಜೆಲ್ ಗಟ್ಟಿಯಾಗುವ ಕ್ರಿಯೆಯಲ್ಲೇ ಶಾಖ ಹುಟ್ಟುತ್ತದೆ. ಪದರ ದಪ್ಪಗಿದ್ದರೆ, ಉಗುರು ಅತಿಯಾಗಿ ಉಜ್ಜಿ ತೆಳುವಾಗಿದ್ದರೆ ಅದು ಚುರ್ ಎಂದು ಸುಡುತ್ತದೆ. ಅವರು ಕೈ ಎಳೆದರೆಂದು ಗದರಿದರೆ ಮುಂದಿನ ಸಲ ಸಹಿಸಿಕೊಂಡು ಕೂರುತ್ತಾರೆ, ಇಲ್ಲವೇ ಹೇಳದೆ ಅರ್ಧಕ್ಕೇ ತೆಗೆಯುತ್ತಾರೆ. ಎರಡೂ ಕೆಟ್ಟದ್ದು. ‘ಬಿಸಿಯೆನಿಸಿದರೆ ತಕ್ಷಣ ತೆಗೆಯಿರಿ, ನನಗೆ ಹೇಳಿ, ಒಂದೆರಡು ಕ್ಷಣ ಬಿಟ್ಟು ಮತ್ತೆ ಇಡೋಣ’ ಎಂದು ಮೊದಲೇ ಹೇಳಿಡಿ. ಲ್ಯಾಂಪಿನಲ್ಲಿ ಕಡಿಮೆ ಶಾಖದ ಮೋಡ್ ಇದ್ದರೆ ಅದನ್ನೇ ಹಾಕಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಬಹಳ ವರ್ಷದ ಹಿಂದಿನ ಮಾತು. ನನ್ನ ಬಳಿ ಬರುತ್ತಿದ್ದ ಒಬ್ಬರು ಎಲ್ಲದಕ್ಕೂ ಗೊಣಗುವವರು. ಕುರ್ಚಿ ಎತ್ತರವಾಯಿತು, ಫ್ಯಾನ್ ಜೋರಾಯಿತು, ಬಣ್ಣ ಮಂಕಾಯಿತು. ಒಂದು ಸಲ ‘ಬೆರಳಿನ ತುದಿ ತುರಿಸುತ್ತದೆ’ ಎಂದರು. ಇದೂ ಅವರ ಮಾಮೂಲು ರಗಳೆ ಎಂದುಕೊಂಡು ಕ್ಯುಟಿಕಲ್ ಆಯಿಲ್ ಹಚ್ಚಿ ಕಳಿಸಿದೆ. ಮುಂದಿನ ಸಲ ಮತ್ತೆ ಹೇಳಿದರು, ಮತ್ತೆ ಜೆಲ್ ಹಾಕಿದೆ. ಮೂರನೆಯ ಸಲ ಕೈ ಚಾಚಿದಾಗ ಬೆರಳಿನ ತುದಿಗಳಲ್ಲಿ ಸಣ್ಣ ಸಣ್ಣ ಗುಳ್ಳೆ, ಉಗುರಿನ ಸುತ್ತ ಕೆಂಪು, ಚರ್ಮ ಸೀಳಿತ್ತು. ಕಣ್ಣಿನ ರೆಪ್ಪೆಯೂ ಊದಿತ್ತು. ಚರ್ಮರೋಗ ತಜ್ಞರು ಪ್ಯಾಚ್ ಟೆಸ್ಟ್ ಮಾಡಿ ಅಕ್ರಿಲೇಟ್ ಅಲರ್ಜಿ, ಅಂದರೆ ಜೆಲ್‌ನಲ್ಲಿರುವ ರಾಸಾಯನಿಕದ ಅಲರ್ಜಿ ಎಂದರು.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಜೆಲ್, ಅಕ್ರಿಲಿಕ್ ಉಗುರು ಬಿಡುವುದರಲ್ಲಿ ಮುಗಿಯುವುದೂ ಇಲ್ಲ. ಇದೇ ಜಾತಿಯ ರಾಸಾಯನಿಕಗಳು ಹಲ್ಲಿಗೆ ತುಂಬುವ ವಸ್ತುಗಳಲ್ಲಿವೆ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿವೆ. ಇನ್ನು ಮುಂದೆ ಪ್ರತಿ ಹೊಸ ವೈದ್ಯರಿಗೂ ಆಕೆ ಅದನ್ನು ಹೇಳಬೇಕು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೆಚ್ಚು ಅಲರ್ಜಿ ತರುವ ಹೆಮಾ ಎಂಬ ಅಂಶವಿರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ಯುರೋಪಿಯನ್ ಒಕ್ಕೂಟ 2020ರಲ್ಲಿ ನಿಯಮ ತಂದಿತು. ಅಲರ್ಜಿಯನ್ನು ಹುಟ್ಟಿಸುವುದು ಹೆಚ್ಚಾಗಿ ಚರ್ಮಕ್ಕೆ ತಗುಲಿದ ಹಸಿ ಜೆಲ್. ಹೆಬ್ಬೆರಳಿನ ಅರೆಹಸಿ ಜೆಲ್ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದು ಅದಕ್ಕೇ. ನನ್ನ ಆ ಗ್ರಾಹಕಿ ಎರಡು ಸಲ ಹೇಳಿದಾಗಲೂ ನಾನು ಕೇಳಿಸಿಕೊಂಡದ್ದು ಅವರ ಗೊಣಗಾಟವನ್ನು, ಮಾತನ್ನಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ತುರಿಕೆ, ಉರಿ, ಗುಳ್ಳೆ ಎಂಬ ಮಾತು ಯಾರ ಬಾಯಿಂದ ಬಂದರೂ ಅವತ್ತು ಜೆಲ್ ಇಲ್ಲ. ಇರುವುದನ್ನು ತೆಗೆದು, ವೈದ್ಯರಲ್ಲಿಗೆ ಹೋಗಲು ಹೇಳುತ್ತೇನೆ.

ಹಾಗೆಯೇ, ಡಬ್ಬಿಯ ಹಿಂದಿನ ಚೀಟಿ ಓದಿ ನೂರು ಪ್ರಶ್ನೆ ಕೇಳುವವರನ್ನು ತಕರಾರಿನವರು ಎನ್ನಬೇಡಿ. ಜೆಲ್ ಬೆಳಕಿಗೆ ಗಟ್ಟಿಯಾಗಲೆಂದು ಬೆರೆಸುವ ಟಿಪಿಒ ಎಂಬ ಅಂಶವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಉತ್ಪನ್ನಗಳಲ್ಲಿ ನಿಷೇಧಿಸಿದ ಮೇಲೆ ‘ನಿಮ್ಮ ಜೆಲ್‌ನಲ್ಲಿ ಅದು ಇದೆಯಾ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೇಳಲಿ. ಬಾಟಲಿ ಕೈಗೆ ಕೊಟ್ಟು ಜೊತೆಗೆ ಕೂತು ಓದಿ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಸಿಕ್ಕಿದವರು ವರ್ಷಗಟ್ಟಲೆ ಬಿಟ್ಟುಹೋಗದಿರುವುದನ್ನು ನಾನು ಕಂಡಿದ್ದೇನೆ.

ಇನ್ನು ದುಡ್ಡಿನ ವಿಷಯ. ಎರಡು ಸಲ ಉಗುರು ನೋಡದೆಯೇ ಪೂರ್ತಿ ಹಣ ಕೊಟ್ಟಿರಿ. ಅದರಿಂದ ಆಕೆಗೆ ಎರಡು ಸಂದೇಶ ಹೋಯಿತು: ಕೆಲಸ ಕೆಟ್ಟಿತ್ತು ಎಂದು ನೀವೇ ಒಪ್ಪಿದ್ದೀರಿ, ಮತ್ತು ರಿವ್ಯೂ ಎಂದರೆ ನೀವು ಬೆದರುತ್ತೀರಿ. ಒಂದು ಉಗುರಿನ ದೋಷಕ್ಕೆ ಹತ್ತು ಉಗುರಿನ ಹಣ ಯಾಕೆ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗಾಯಿತು. ನಾನು ಪಾಲಿಸುವ ಕ್ರಮ ಹೀಗಿದೆ: ಏಳು ದಿನದೊಳಗೆ ಎದ್ದರೆ, ಚಕ್ಕೆ ಬಿದ್ದರೆ ಆ ಉಗುರನ್ನು ಉಚಿತವಾಗಿ ಸರಿಮಾಡಿಕೊಡುತ್ತೇನೆ, ತಪ್ಪು ಯಾರದೆಂದು ಕೇಳುವುದೇ ಇಲ್ಲ. ಏಳು ದಿನದ ಮೇಲಾದರೆ ನೋಡಿ ನಿರ್ಧರಿಸುತ್ತೇನೆ, ನನ್ನ ತಪ್ಪಾಗಿದ್ದರೆ ಉಚಿತ. ಹಣ ವಾಪಸ್ ಕೊಡುವುದು ಸರಿಮಾಡಲು ಆಗದೇ ಇರುವ ತಪ್ಪು ನನ್ನಿಂದ ಆಗಿದ್ದಾಗ ಮಾತ್ರ. ನೀವು ಐದು ದಿನ ಇಡಿ, ಹತ್ತು ದಿನ ಇಡಿ, ನಿಮ್ಮಿಷ್ಟ. ಗೋಡೆಯ ಮೇಲೂ ಬುಕಿಂಗ್ ಮೆಸೇಜಿನಲ್ಲೂ ಅದು ಮೊದಲೇ ಇರಬೇಕು. ಜಗಳದ ನಡುವೆ ಹೇಳಿದ ನಿಯಮ ಆ ಕ್ಷಣಕ್ಕೆ ಹುಟ್ಟಿಸಿದ ನೆಪದ ಹಾಗೆ ಕೇಳಿಸುತ್ತದೆ.

ದೂರಿನ ಮೆಸೇಜ್ ಬಂದಾಗ ನಾನು ಬರೆಯುವುದು ಇಷ್ಟೇ: ‘ತಿಳಿಸಿದ್ದು ಒಳ್ಳೆಯದಾಯಿತು. ಬೆಳಕಿನಲ್ಲಿ ಎರಡೂ ಕೈಯ ಫೋಟೋ ಕಳಿಸಿ. ಎದ್ದಿರುವುದನ್ನು ಕೀಳಬೇಡಿ, ಅಂಟು ಹಾಕಬೇಡಿ. ನಾಳೆ ಅಥವಾ ನಾಡಿದ್ದು ಬನ್ನಿ, ನೋಡಿ ಸರಿಮಾಡಿಕೊಡುತ್ತೇನೆ.’ ಕ್ಷಮೆ ಕೇಳುವ ಸಾಲು ಇದರಲ್ಲಿಲ್ಲ, ಇನ್ನೂ ಉಗುರು ನೋಡಿಲ್ಲವಲ್ಲ. ವಾದವೂ ಇಲ್ಲ. ಕೀಳಬೇಡಿ, ಅಂಟು ಹಾಕಬೇಡಿ ಎನ್ನುವ ಸಾಲಂತೂ ಯಾವತ್ತೂ ಬಿಡಬೇಡಿ. ಎದ್ದ ಜಾಗದಲ್ಲಿ ನೀರು ನಿಂತು ಮೇಲಿಂದ ಮುಚ್ಚಿಬಿಟ್ಟರೆ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಅಂಥ ಹಸಿರು ಕಲೆಯ ಮೇಲೆ ‘ಒಂದು ಡಾರ್ಕ್ ಕಲರ್ ಹಾಕಿ ಮುಚ್ಚಿಬಿಡಿ, ನಾಳೆ ಫಂಕ್ಷನ್ ಇದೆ’ ಎಂದು ದುಂಬಾಲು ಬೀಳುವವರು ಬೇಕಾದಷ್ಟು ಮಂದಿ.

ಅಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಹಸಿರಾದ, ಕೀವಾದ, ಬುಡ ಬಿಟ್ಟ ಉಗುರಿನ ಮೇಲೆ ಬಣ್ಣ ಹಾಕುವುದಿಲ್ಲ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ, ಬಣ್ಣ ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ ಬೇಗನೆ ವೈದ್ಯರಿಗೆ ತೋರಿಸಲು ಹೇಳುತ್ತೇನೆ. ಏನು ಕಾಯಿಲೆ ಎಂದು ಹೆಸರಿಡುವುದು ನಮ್ಮ ಕೆಲಸವಲ್ಲ, ‘ಇದನ್ನು ಡಾಕ್ಟರು ನೋಡಬೇಕು’ ಎನ್ನುವುದು ನಮ್ಮದೇ ಕೆಲಸ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಚರ್ಮ ಕತ್ತರಿಸುವುದಿಲ್ಲ. ‘ಜೆಲ್ ಬಿಡಿಸಲು ಅಸಿಟೋನ್‌ನಲ್ಲಿ ನೆನೆಸುತ್ತಾ ಕೂರಲು ಸಮಯವಿಲ್ಲ, ಹಾಗೇ ಎಬ್ಬಿಸಿ ಕಿತ್ತುಬಿಡಿ’ ಎಂದರೆ ಕೀಳುವುದಿಲ್ಲ, ಜೆಲ್ ಜೊತೆ ಉಗುರಿನ ಪದರವೂ ಬರುತ್ತದೆ. ಅದು ಪೂರ್ತಿ ಬೆಳೆದು ಹೋಗಲು ನಾಲ್ಕರಿಂದ ಆರು ತಿಂಗಳು ಬೇಕು. ಇಲ್ಲ ಎನ್ನುವಾಗ ಬರೀ ಇಲ್ಲ ಎಂದು ನಿಲ್ಲಿಸಬೇಡಿ. ‘ಈ ಒಂದು ಉಗುರು ಬಿಟ್ಟು ಉಳಿದ ಒಂಬತ್ತು ಚೆನ್ನಾಗಿ ಮಾಡಿಕೊಡುತ್ತೇನೆ’ ಎಂದು ಕೈಲಾಗುವುದನ್ನು ಮುಂದಿಡಿ. ಸಿಟ್ಟು ಮಾಡಿಕೊಂಡು ಎದ್ದು ಹೋದರೆ ಹೋಗಲಿ. ಹೀಗೆ ಹೋದವರನ್ನು ನೆನೆದು ನನಗೆ ಒಂದು ದಿನವೂ ಬೇಸರವಾಗಿಲ್ಲ.

ಫೋಟೋ ಒಂದು, ಬಯಕೆ ಇನ್ನೊಂದು ಎಂದಿರಲ್ಲ, ಅದರ ಮದ್ದು ಮೊದಲ ಐದು ನಿಮಿಷದಲ್ಲಿದೆ. ಜನ ಮೋಸ ಮಾಡಲೆಂದು ಮಾತು ಬದಲಿಸುವುದು ಕಡಿಮೆ. ಬೇಕಾದದ್ದನ್ನು ಹೇಳಲು ಅವರ ಹತ್ತಿರ ಪದವಿರುವುದಿಲ್ಲ. ‘ಸ್ವಲ್ಪ ಗಿಡ್ಡ’ ಎಂದರೆ ನಿಮಗೆ ಬೆರಳ ತುದಿಯ ಸಮ, ಅವರಿಗೆ ಅದರಿಂದ ಆಚೆ ಅರ್ಧ ಸೆಂಟಿಮೀಟರ್. ‘ತಿಳಿ ಗುಲಾಬಿ’ ಎಂದರೆ ಹತ್ತು ಮಂದಿಗೆ ಹತ್ತು ಬಣ್ಣ. ನಾನು ಮಾತಿನ ಬದಲು ಕೈಯಲ್ಲಿ ತೋರಿಸುತ್ತೇನೆ. ಫೋಟೋ ನೋಡಿ ‘ಇದರಲ್ಲಿ ನಿಮಗೆ ಹಿಡಿಸಿದ್ದು ಏನು, ಆಕಾರವೋ, ಬಣ್ಣವೋ, ಉದ್ದವೋ?’ ಎಂದು ಕೇಳುತ್ತೇನೆ. ಎಷ್ಟೋ ಸಲ ಮೂರರಲ್ಲಿ ಒಂದೇ ಬೇಕಾಗಿರುತ್ತದೆ. ಫೋಟೋದಲ್ಲಿರುವ ಉಗುರಿನ ತಳ ಉದ್ದನೆಯದು, ಇವರದು ಅಗಲ ಮತ್ತು ಗಿಡ್ಡ ಎಂದಾದರೆ ಆಗಲೇ ಹೇಳುತ್ತೇನೆ: ‘ಇದೇ ಡಿಸೈನ್ ನಿಮ್ಮ ಕೈಯಲ್ಲಿ ಸ್ವಲ್ಪ ಬೇರೆ ಕಾಣುತ್ತದೆ, ಹೀಗೆ.’

ಎರಡು ಜಾಗದಲ್ಲಿ ಕೆಲಸ ನಿಲ್ಲಿಸಿ ಒಪ್ಪಿಗೆ ಪಡೆಯಿರಿ. ಒಂದು, ಆಕಾರ ಮತ್ತು ಉದ್ದ ಮುಗಿದ ಮೇಲೆ, ಬಣ್ಣಕ್ಕೆ ಮುಂಚೆ. ಕಿರುಬೆರಳು ಒಂದನ್ನೇ ಪೂರ್ತಿ ಫೈಲ್ ಮಾಡಿ ‘ಇದರ ಹಾಗೆ ಉಳಿದದ್ದೂ ಮಾಡಲೇ?’ ಎಂದು ಕೇಳಿ. ಎರಡನೆಯದು, ಬಣ್ಣವನ್ನು ಒಂದು ಉಗುರಿಗೆ ಹಚ್ಚಿ, ಲ್ಯಾಂಪಿಗೆ ಇಡುವ ಮುಂಚೆ. ಲ್ಯಾಂಪಿಗೆ ಹೋಗುವ ತನಕ ಅದನ್ನು ಒರೆಸಿ ತೆಗೆಯಬಹುದು, ಹೋದ ಮೇಲೆ ಅಸಿಟೋನ್, ಹತ್ತು ಹದಿನೈದು ನಿಮಿಷ, ಮತ್ತೆ ಮೊದಲಿಂದ. ಟೇಬಲ್ ದೀಪದ ಕೆಳಗೆ ಬೇಡ, ಕಿಟಕಿಯ ಬಳಿ ಕೈ ಹಿಡಿದು ನೋಡಲಿ. ಟೇಬಲ್ ದೀಪದಡಿ ಬೂದುಗುಲಾಬಿಯಾಗಿ ಕಂಡದ್ದು ಹೊರಗೆ ಬಿಸಿಲಲ್ಲಿ ನೇರಳೆಯಾಗಿ ಕಂಡು, ಅರ್ಧ ದಾರಿಯಿಂದ ವಾಪಸ್ ಬಂದವರಿದ್ದಾರೆ. ಅವರ ಬೇಸರದಲ್ಲಿ ಅರ್ಥವಿತ್ತು.

ಇಷ್ಟಾದ ಮೇಲೂ ಕೊನೆಯಲ್ಲಿ ‘ನಾನು ಹೇಳಿದ್ದು ಇದಲ್ಲ’ ಎಂದರೆ, ಎರಡು ಸಲ ಒಪ್ಪಿದ್ದೀರಿ ಎಂದು ಲೆಕ್ಕ ಒಪ್ಪಿಸಲು ಹೋಗಬೇಡಿ. ‘ಯಾವುದು ಹಿಡಿಸಲಿಲ್ಲ, ಬೆರಳಿಟ್ಟು ತೋರಿಸಿ’ ಎನ್ನಿ. ಬೆರಳಿಟ್ಟು ತೋರಿಸಲು ಹೇಳಿದ ಕೂಡಲೇ ಮಾತು ಇಳಿದುಬಿಡುತ್ತದೆ. ‘ಎಲ್ಲಾ ಹಾಳಾಯಿತು’ ಎನ್ನುತ್ತಿದ್ದವರು ‘ಈ ಉಂಗುರ ಬೆರಳಿನದು ಓರೆ ಅನಿಸುತ್ತಿದೆ’ ಎನ್ನುತ್ತಾರೆ. ಓರೆಯನ್ನು ಎರಡು ನಿಮಿಷದಲ್ಲಿ ಸರಿಮಾಡಬಹುದು.

ತಡಕ್ಕೆ ಹೆಚ್ಚು ಹೇಳುವುದಿಲ್ಲ. ಹದಿನೈದು ನಿಮಿಷದವರೆಗೆ ಕಾಯುತ್ತೇನೆ, ಅದಾದ ಮೇಲೆ ಉಳಿದ ಸಮಯದಲ್ಲಿ ಆಗುವಷ್ಟು ಮಾತ್ರ: ಡಿಸೈನ್ ಹೋಗುತ್ತದೆ, ಒಂದೇ ಬಣ್ಣ ಉಳಿಯುತ್ತದೆ. ಉಗುರು ಸಿದ್ಧಪಡಿಸುವ ಹಂತವನ್ನು ಮಾತ್ರ ಮೊಟಕು ಮಾಡಬೇಡಿ. ತಡವಾಗಿ ಬಂದವರದ್ದೇ ಹೆಚ್ಚು ಏಳುವುದು ಯಾಕೆಂದು ಒಮ್ಮೆ ಯೋಚಿಸಿ, ಅವರ ಆತುರಕ್ಕೆ ನಾವು ಅಲ್ಲೇ ಐದು ನಿಮಿಷ ಕದ್ದಿರುತ್ತೇವೆ. ನಿಮ್ಮ ಗ್ರಾಹಕಿ ಪ್ರತಿ ಸಲ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದಾರೆ, ಪ್ರತಿ ಸಲ ಹೆಬ್ಬೆರಳು ಎದ್ದಿದೆ. ಹೆಬ್ಬೆರಳು ನೀವು ಮಾಡುವ ಕೊನೆಯ ಬೆರಳೇ ಎಂದು ಗಮನಿಸಿ ನೋಡಿ. ಹೊಸಬರಿಂದ ಮತ್ತು ಹೀಗೆ ಪದೇ ಪದೇ ತಡ ಮಾಡುವವರಿಂದ ಅಡ್ವಾನ್ಸ್ ಪಡೆಯುವುದರಲ್ಲಿ ಸಂಕೋಚ ಬೇಡ.

ರಿವ್ಯೂ ಭಯ. ಹಣ ಕೊಟ್ಟು ರಿವ್ಯೂ ತಪ್ಪಿಸಿಕೊಂಡರೆ ಅದು ಮುಗಿಯುವುದಿಲ್ಲ, ಎರಡು ಸಲ ನೋಡಿದಿರಿ. ಪ್ರತಿ ಕೆಲಸ ಮುಗಿದಾಗ ಎರಡು ಕೈಯ ಫೋಟೋ ತೆಗೆದು ಅವರಿಗೇ ಕಳಿಸಿ, ಜೊತೆಗೆ ಒಂದು ಸಾಲು: ಏನು ಮಾಡಿದೆ, ಏನಾದರೂ ಆದರೆ ಏಳು ದಿನದೊಳಗೆ ತಿಳಿಸಿ. ಮುಂಚಿನ ಫೋಟೋ ನಿಮ್ಮ ಬಳಿ ಇರಲಿ. ಬೇರೆ ಯಾರಿಗಾದರೂ ತೋರಿಸುವುದಾದರೆ ಮಾತ್ರ ಅವರ ಒಪ್ಪಿಗೆ ಕೇಳಿ. ಕೆಟ್ಟ ರಿವ್ಯೂ ಬಂದೇ ಬಂದರೆ ಒಂದು ರಾತ್ರಿ ಕಳೆಯಲು ಬಿಟ್ಟು ಮೂರು ಸಾಲು ಬರೆಯಿರಿ: ಬೇಸರವಾಗಿದ್ದು ತಿಳಿಯಿತು, ಉಚಿತವಾಗಿ ಸರಿಮಾಡಿಕೊಡುತ್ತೇನೆ ಎಂದು ಹೇಳಿದ್ದೆ, ಈಗಲೂ ಆ ಮಾತು ಇದೆ. ಅವರ ತಡ, ಅವರ ನಡತೆ, ಅವರ ಉಗುರಿನ ಸ್ಥಿತಿ, ಯಾವುದನ್ನೂ ಅಲ್ಲಿ ಬರೆಯಬೇಡಿ. ಓದುವ ಹೊಸಬರು ನೋಡುವುದು ನಿಮ್ಮ ಉತ್ತರದ ದನಿಯನ್ನು. ನಾಳೆ ತಮ್ಮ ಬಗ್ಗೆಯೂ ಹೀಗೆ ಬರೆಯುತ್ತಾರೋ ಎಂದು ಅವರು ಅಳೆಯುತ್ತಿರುತ್ತಾರೆ.

ಇದೆಲ್ಲ ಸಿಟ್ಟು, ಅಸಮಾಧಾನ ಇರುವವರ ಮಾತಾಯಿತು. ಬೈಯುವವರು, ಏಕವಚನದಲ್ಲಿ ಕೂಗುವವರು, ಕೈ ಎಳೆದು ವಸ್ತು ಬಿಸಾಡುವವರು, ಮೈಮುಟ್ಟಿ ಅಸಭ್ಯವಾಗಿ ಮಾತಾಡುವವರು ಬೇರೆ. ಅವರಿಗೆ ಒಂದು ಎಚ್ಚರಿಕೆ ಸಾಕು, ಮೈಮೇಲೆ ಕೈ ಮಾಡಿದರೆ ಅದೂ ಬೇಡ. ‘ಈ ರೀತಿ ಮಾತಾಡಿದರೆ ನಾನು ಕೆಲಸ ಮುಂದುವರಿಸುವುದಿಲ್ಲ’ ಎಂದು ಹೇಳಿ ಉಪಕರಣ ಕೆಳಗಿಡಿ. ದನಿ ಏರಿಸಬೇಡಿ, ಕೈ ಬಿಡಿ. ಕೈ ಬಿಟ್ಟುಬಿಡುವುದೇ ದೊಡ್ಡ ಸೂಚನೆ. ನಿಲ್ಲಿಸಬೇಕಾಗಿ ಬಂದರೆ ಸಾಧ್ಯವಾದಷ್ಟು ಹಸಿ ಜೆಲ್ ಒರೆಸಿ, ಇಲ್ಲವೇ ಗಟ್ಟಿಮಾಡಿ ಕಳಿಸಿ, ಹಸಿ ಕೈಯಲ್ಲಿ ಎದ್ದು ಹೋದರೆ ಚರ್ಮಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ನಿಮಗೇ ಅಪಾಯ ಎನಿಸಿದರೆ ಅದನ್ನೂ ನೋಡಬೇಡಿ, ಮೊದಲು ಬಾಗಿಲ ಕಡೆ ಹೋಗಿ, ಯಾರನ್ನಾದರೂ ಕರೆಯಿರಿ. ಒಬ್ಬರೇ ಕೆಲಸ ಮಾಡುವವರು ನೀವು. ನಿಮ್ಮ ಕುರ್ಚಿ ಬಾಗಿಲಿಗೆ ಹತ್ತಿರ ಇರಲಿ, ಗ್ರಾಹಕರದ್ದು ಒಳಗಡೆಗೆ. ಇವತ್ತೇ ಬದಲಿಸಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬರಬೇಡಿ ಎಂದುಬಿಡಲೇ? ಇನ್ನೊಂದು ಸಲ ಬರಲಿ ಎನ್ನುವುದು ನನ್ನ ಅಭಿಪ್ರಾಯ. ಆಕೆ ನಿಮ್ಮ ಮೇಲೆ ಕೂಗಾಡಿದ್ದಾರೆ ಎಂದು ನೀವು ಬರೆದಿಲ್ಲ. ಕೆಲಸ ಅಷ್ಟು ಕೆಟ್ಟದೆನಿಸಿದ್ದರೆ ಬೇರೆಯವರ ಬಳಿ ಹೋಗುತ್ತಿದ್ದರು, ಆದರೂ ನಿಮ್ಮಲ್ಲಿಗೇ ಬರುತ್ತಿದ್ದಾರೆ. ಹೆಬ್ಬೆರಳು ನಿಜವಾಗಿ ಏಳುತ್ತಿದ್ದು, ಅದನ್ನು ಯಾರೂ ನೋಡದೆ ದುಡ್ಡು ಕೊಟ್ಟು ಕಳಿಸುತ್ತಿದ್ದರೆ, ನಾನಾಗಿದ್ದರೂ ಮೂರನೆಯ ಸಲ ದನಿ ಏರಿಸುತ್ತಿದ್ದೆನೇನೋ.

ಬುಕಿಂಗ್ ಕೇಳಿದ ಕೂಡಲೇ ಬರೆಯಿರಿ: ‘ಈ ಸಲ ಹೆಬ್ಬೆರಳು ಯಾಕೆ ಏಳುತ್ತಿದೆ ಎಂದು ಸರಿಯಾಗಿ ನೋಡಬೇಕು. ಅದಕ್ಕೆ ಪೂರ್ತಿ ಸಮಯ ಬೇಕು, ಹದಿನೈದು ನಿಮಿಷಕ್ಕಿಂತ ತಡವಾದರೆ ಬೇರೆ ದಿನ ಇಟ್ಟುಕೊಳ್ಳೋಣ. ಬರುವ ಮುನ್ನ ಕೈಗೆ ಕ್ರೀಮ್, ಎಣ್ಣೆ ಹಚ್ಚಬೇಡಿ. ಇನ್ನು ಮುಂದೆ ಏಳು ದಿನದೊಳಗಿನ ರಿಪೇರಿ ಉಚಿತ, ಹಣ ವಾಪಸ್ ಇರುವುದಿಲ್ಲ.’ ಅವರ ಮುಂಚಿನ ಅಪಾಯಿಂಟ್‌ಮೆಂಟ್ ಖಾಲಿ ಬಿಡಿ, ನೀವು ಒಂದು ಲೋಟ ನೀರು ಕುಡಿದು, ಟೇಬಲ್ ಒರೆಸಿ, ಉಪಕರಣ ಜೋಡಿಸಿಕೊಂಡು ಕೂರಲು. ಬಂದಾಗ ಕ್ಷಮೆ, ಸಮಜಾಯಿಷಿ ಯಾವುದೂ ಬೇಡ, ‘ಹೆಬ್ಬೆರಳು ಕೊಡಿ ನೋಡೋಣ’ ಎನ್ನಿ. ಎರಡೂ ಹೆಬ್ಬೆರಳು ಅಕ್ಕಪಕ್ಕ ಇಟ್ಟು ಅವರಿಗೂ ತೋರಿಸಿ. ತುರಿಕೆ ಇದೆಯಾ, ಹೊಸ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿ. ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧಿ ತೆಗೆದುಕೊಳ್ಳುವಾಗ ಬೆಳಕಿಗೆ ಉಗುರೇ ತಳ ಬಿಡುವುದುಂಟು. ಫೈಲಿನಲ್ಲಿ ಮುದ್ದೆ ಬಂದರೆ ಬಾಯಿಬಿಟ್ಟು ಹೇಳಿ: ‘ಇದು ಲ್ಯಾಂಪಿನಲ್ಲಿ ಸರಿಯಾಗಿ ಒಣಗಿಲ್ಲ, ನನ್ನ ಕಡೆಯ ತಪ್ಪು. ಇವತ್ತಿನಿಂದ ಬೇರೆಯಾಗಿ ಇಡಿಸುತ್ತೇನೆ.’

ಇಷ್ಟು ಮಾಡಿದ ಮೇಲೂ ಹತ್ತನೆಯ ದಿನ ಅದೇ ಬೆದರಿಕೆ ಬಂದರೆ, ಅಥವಾ ಹೆಬ್ಬೆರಳು ನೆಟ್ಟಗಿದ್ದು ಹೊಸದೊಂದು ಬೆರಳಿನ ಹೆಸರಲ್ಲಿ ದುಡ್ಡಿನ ಮಾತೇ ಬಂದರೆ, ಆಗ ಬಿಟ್ಟುಬಿಡಿ. ‘ನಿಮಗೆ ತೃಪ್ತಿಯಾಗುವ ಹಾಗೆ ಕೆಲಸ ಮಾಡಿಕೊಡಲು ನನ್ನಿಂದ ಆಗುತ್ತಿಲ್ಲ. ಬೇರೆಯವರನ್ನು ನೋಡಿಕೊಳ್ಳಿ. ಈಗಿರುವ ಜೆಲ್ ತೆಗೆಯಬೇಕಿದ್ದರೆ ಬನ್ನಿ, ಅದಕ್ಕೆ ಹಣ ಬೇಡ.’ ಕೊನೆಯ ಸಾಲು ಖಂಡಿತ ಇರಲಿ. ಸಿಟ್ಟಿನಲ್ಲಿ ಅವರು ಮನೆಯಲ್ಲೇ ಕೂತು ಹತ್ತೂ ಉಗುರು ಕಿತ್ತುಕೊಳ್ಳುವುದು ಬೇಡ.